ನಾಲ್ಕು ರಸ್ತೆ ಕೂಡುವಲ್ಲಿ ಮೊದಲ ಹಕ್ಕು ಯಾರದು?

ಲಂಡನ್ನಿನ ಬೇರೆ ಬೇರೆ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಸದಸ್ಯರ ಮನೆಗಳಿಗೆ ಆಗಾಗ ಕೌನ್ಸಿಲಿನಿಂದ ಒಂದು ಕಾಗದ ಬರುವುದುಂಟು. ‘ನಿಮ್ಮ ಬಡಾವಣೆಯ ಕೂಡುರಸ್ತೆಯನ್ನು ಮಾರ್ಪಡಿಸಬೇಕೆಂದಿದ್ದೇವೆ, ನಿಮ್ಮ ಅಭಿಪ್ರಾಯವೇನು?’ ಎಂದು ಅದರ ಒಕ್ಕಣೆ. ಜೊತೆಗೊಂದು ನಕ್ಷೆ, ನಾಲ್ಕಾರು ಪ್ರಶ್ನೆ. ಪಿಜ್ಜಾ ಅಂಗಡಿಯ ಜಾಹೀರಾತಿನೊಡನೆ ಅದೂ ಕಸದ ಬುಟ್ಟಿ ಸೇರುವುದೇ ಹೆಚ್ಚು. ‘ಅದೆಲ್ಲ ಇಲ್ಲಿಯವರ ವ್ಯವಹಾರ, ನಮಗೇಕೆ?’ ಎಂಬ ಭಾವನೆ ನಮ್ಮವರಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಆ ರಸ್ತೆಯನ್ನು ದಿನವೂ ದಾಟುವವರು ನಾವು. ಅಲ್ಲಿಂದ ಶಾಲೆಗೆ ಹೋಗುವ ಮಕ್ಕಳು ನಮ್ಮವರು. ಊರಿನಿಂದ ಬಂದು ಕೆಲವು ತಿಂಗಳು ನಮ್ಮೊಡನಿರುವ ತಂದೆತಾಯಿಗಳೂ ನಮ್ಮವರೇ. ಆದ್ದರಿಂದ ಈ ವಿಷಯವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಕೂಡುರಸ್ತೆಗಳು ಇಂದಿನ ರೂಪಕ್ಕೆ ಬಂದ ಬಗೆಯನ್ನು ಸ್ವಲ್ಪ ನೋಡೋಣ. ಎರಡನೆಯ ಮಹಾಯುದ್ಧದ ನಂತರ ಇಲ್ಲಿ ಕಾರುಗಳು ಹೆಚ್ಚಿದವು. 1963ರಲ್ಲಿ ಕಾಲಿನ್ ಬುಕಾನನ್ ಅವರ ಪ್ರಸಿದ್ಧ ವರದಿ ಹೊರಬಂತು. ಕಾರುಗಳಿಗೆ ಕಡಿವಾಣವಿಲ್ಲದಿದ್ದರೆ ಊರುಗಳು ಕೆಡುತ್ತವೆಂದು ಎಚ್ಚರಿಸಿದ ಆ ವರದಿ, ನಡೆಯುವವರನ್ನೂ ವಾಹನಗಳನ್ನೂ ಬೇರ್ಪಡಿಸುವ ಉಪಾಯವನ್ನೂ ಹೇಳಿತು. ಆ ಕಾಲದ ಇಂಜಿನಿಯರರು ಬೇರ್ಪಡಿಸಿದ್ದೇನೋ ನಿಜ. ಆದರೆ ಬಹಳ ಕಡೆ ನೆಲದ ಮೇಲೆ ಉಳಿದದ್ದು ಕಾರು, ನೆಲದ ಕೆಳಗೆ ಇಳಿದದ್ದು ಮನುಷ್ಯ.

ಎಲಿಫೆಂಟ್ ಅಂಡ್ ಕಾಸಲ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯ ದೊಡ್ಡ ವೃತ್ತದ ನಡುವೆ ವಿಜ್ಞಾನಿ ಮೈಕಲ್ ಫ್ಯಾರಡೆಯ ಸ್ಮಾರಕವಾಗಿ ಉಕ್ಕಿನ ಹೊದಿಕೆಯ ಕಟ್ಟಡವೊಂದಿದೆ. ದಶಕಗಳ ಕಾಲ ಅದರ ಸುತ್ತ ವಾಹನಗಳು ಗಿರಕಿ ಹೊಡೆದವು. ನಡೆಯುವವರು ಮೆಟ್ಟಿಲಿಳಿದು ಸುರಂಗಗಳಲ್ಲಿ ದಾರಿ ಹುಡುಕಬೇಕಿತ್ತು. ಕತ್ತಲಾದ ಮೇಲೆ ಒಂಟಿ ಹೆಂಗಸರು ಅತ್ತ ಹೋಗಲು ಅಂಜುವಂಥ ಜಾಗ. 2015-16ರಲ್ಲಿ ಆ ವೃತ್ತದ ಒಂದು ಭಾಗವನ್ನು ವಾಹನಗಳಿಗೆ ಮುಚ್ಚಿ, ನಡುವಿನ ದ್ವೀಪವನ್ನು ಕಾಲುದಾರಿಗೆ ಸೇರಿಸಿದರು. ಸುರಂಗಗಳು ಮುಚ್ಚಿದವು, ಜನ ನೆಲದ ಮೇಲೆಯೇ ದಾಟತೊಡಗಿದರು. ಉತ್ತರ ಲಂಡನ್ನಿನ ಆರ್ಚ್‌ವೇಯಲ್ಲೂ ಹೀಗೆಯೇ ಆಯಿತು. ಅಲ್ಲಿ ರಸ್ತೆಗಳ ನಡುವೆ ದ್ವೀಪದಂತೆ ಸಿಕ್ಕಿಕೊಂಡಿದ್ದ ಹಳೆಯ ಪಬ್ಬಿನ ಮುಂದೆ 2017ರಲ್ಲಿ ಚೌಕವೊಂದು ಸಿದ್ಧವಾಯಿತು. ಅದಕ್ಕೆ ನ್ಯಾವಿಗೇಟರ್ ಸ್ಕ್ವೇರ್ ಎಂದು ಹೆಸರು. ಈ ದೇಶದ ಕಾಲುವೆ, ರೈಲುಹಾದಿ, ರಸ್ತೆಗಳಿಗೆ ಮಣ್ಣು ಅಗೆದ ಐರಿಷ್ ಕೂಲಿಗಳ ನೆನಪು ಅದು. ವಲಸೆ ಬಂದವರ ಗುರುತು ಊರಿನ ನಟ್ಟನಡುವೆ ಉಳಿಯಬಲ್ಲದೆಂಬುದನ್ನು ನಾವೂ ಗಮನಿಸಬೇಕು.

ಹಾಗೆಂದು ಹೊಸ ವಿಚಾರಗಳೆಲ್ಲ ಒಳ್ಳೆಯವೇ ಆಗಬೇಕಿಲ್ಲ. ಹಾಲೆಂಡಿನ ಹಾನ್ಸ್ ಮಾಂಡರ್ಮನ್ ಎಂಬ ಇಂಜಿನಿಯರ್, ಡ್ರಾಖ್ಟನ್ ಎಂಬ ಊರಿನ ಕೂಡುರಸ್ತೆಯೊಂದರಲ್ಲಿ ದೀಪಗಳನ್ನು ತೆಗೆಸಿದರು. ಆಜ್ಞೆ ಮಾಡುವ ದೀಪವಿಲ್ಲದಿದ್ದರೆ ಜನ ಪರಸ್ಪರ ಮುಖ ನೋಡಿ, ನಿಧಾನಿಸಿ ಸಾಗುತ್ತಾರೆಂಬುದು ಅವರ ವಾದ. ಇಂಗ್ಲೆಂಡಿನ ಚೆಷೈರಿನ ಪಾಯಿಂಟನ್ ಊರಿನವರೂ 2012ರ ಹೊತ್ತಿಗೆ ದೀಪಗಳನ್ನು ತೆಗೆದು, ಬಣ್ಣದ ಕಲ್ಲು ಹಾಸಿ ಇದನ್ನೇ ಮಾಡಿದರು. ವಾಹನಗಳ ವೇಗ ತಗ್ಗಿತೆಂದು ಮೆಚ್ಚಿದವರು ಅನೇಕರು. ಆದರೆ ಕಣ್ಣು ಕಾಣದವರು ಚಾಲಕನ ಮುಖ ನೋಡುವುದು ಹೇಗೆ? ಕಾಲುದಾರಿಯ ಅಂಚೇ ಇಲ್ಲದಿದ್ದರೆ ಅವರ ಕೋಲಿಗೆ, ಅವರ ನಾಯಿಗೆ ರಸ್ತೆ ಶುರುವಾದದ್ದು ಗೊತ್ತಾಗುವುದು ಹೇಗೆ? ಅಂಧರ ಸಂಘಗಳು ಬಲವಾಗಿ ಆಕ್ಷೇಪಿಸಿದವು. 2018ರಲ್ಲಿ ಸರ್ಕಾರವೇ ಇಂಥ ಸಮತಟ್ಟು ಯೋಜನೆಗಳನ್ನು ಸದ್ಯಕ್ಕೆ ತಡೆಹಿಡಿಯಿರೆಂದು ಸ್ಥಳೀಯ ಸಂಸ್ಥೆಗಳನ್ನು ಕೇಳಿಕೊಂಡಿತು.

ಇನ್ನು ನಮ್ಮ ಹಿರಿಯರ ಮಾತು. ‘ಹಸಿರು ಮನುಷ್ಯ’ ಆರಿದ ಮೇಲೆ, ಅರ್ಧ ದಾರಿಯಲ್ಲಿರುವವರು ದಾಟಿ ಮುಗಿಸಲು ಕೆಲವು ಕ್ಷಣ ಕೊಡುತ್ತಾರೆ. ಅದನ್ನು ಲೆಕ್ಕ ಹಾಕುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆಂದು ಇಲ್ಲಿ ಹಿಡಿಯುವುದು ವಾಡಿಕೆ. 2012ರಲ್ಲಿ ಪ್ರಕಟವಾದ ಲಂಡನ್ ಸಂಶೋಧಕರ ಅಧ್ಯಯನವೊಂದರ ಪ್ರಕಾರ, 65 ದಾಟಿದ ಗಂಡಸರ ಸರಾಸರಿ ವೇಗ ಸೆಕೆಂಡಿಗೆ 0.9 ಮೀಟರ್, ಹೆಂಗಸರದು 0.8. ಹನ್ನೆರಡು ಮೀಟರ್ ಅಗಲದ ರಸ್ತೆಗೆ ಲೆಕ್ಕದ ಮನುಷ್ಯನಿಗೆ 10 ಸೆಕೆಂಡು ಸಾಕು, ಅಜ್ಜಿಗೆ 15 ಬೇಕು. ಆ ಐದು ಸೆಕೆಂಡಿನಲ್ಲಿ ಅಜ್ಜಿ ರಸ್ತೆಯ ಮೇಲಿರುತ್ತಾರೆ. ಎರಡು ಸಲ ಹೀಗೆ ಹಾರ್ನ್ ಕೇಳಿದ ಮೇಲೆ ಅವರು ಮನೆಯಿಂದ ಹೊರಡುವುದನ್ನೇ ಬಿಟ್ಟುಬಿಟ್ಟರೆ ಆಶ್ಚರ್ಯವಿಲ್ಲ.

ಇದಕ್ಕೆ ಪರಿಹಾರಗಳಿಲ್ಲದೆ ಇಲ್ಲ. ‘ಪಫಿನ್’ ಎಂಬ ದಾಟುದಾರಿಯಲ್ಲಿ, ಜನ ಇನ್ನೂ ರಸ್ತೆಯ ಮೇಲಿದ್ದಾರೆಂದು ಯಂತ್ರವೇ ಗುರುತಿಸಿ ವಾಹನಗಳನ್ನು ತಡೆದು ನಿಲ್ಲಿಸುತ್ತದೆ. ಗುಂಡಿ ಒತ್ತುವ ಪೆಟ್ಟಿಗೆಯ ಅಡಿಯಲ್ಲಿ ಬೆರಳಿಗೆ ಸಿಗುವ ಪುಟ್ಟ ಶಂಕುವೊಂದನ್ನು ಅನೇಕ ಕಡೆ ಇಟ್ಟಿರುತ್ತಾರೆ. ಹಸಿರು ಬಂದಾಗ ಅದು ತಿರುಗುತ್ತದೆ. ಕಣ್ಣು ಕಾಣದವರು ಅದನ್ನು ಹಿಡಿದು ತಿಳಿಯುತ್ತಾರೆ. ರಸ್ತೆಯ ಅಗಲವನ್ನೇ ಕುಗ್ಗಿಸುವುದೂ ಒಂದು ದಾರಿ.

ಅಂಗಡಿಯವರ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಅಕ್ಕಿಮೂಟೆ ಇಳಿಸುವ ವ್ಯಾನಿಗೆ ನಿಲ್ಲಲು ಜಾಗ ಬೇಕು. ಮುಖ್ಯರಸ್ತೆ ಕಿರಿದಾದರೆ ವಾಹನಗಳು ಓಣಿಗಳಿಗೆ ನುಗ್ಗುತ್ತವೆಂಬ ಭಯವೂ ಸುಳ್ಳಲ್ಲ. ದಾಟುವವರಿಗೆ ಹೆಚ್ಚು ಸಮಯ ಕೊಟ್ಟರೆ ಬಸ್ಸು ತಡವಾಗುತ್ತದೆ. ಆ ಬಸ್ಸಿನಲ್ಲೂ ಹಿರಿಯರೇ ಕುಳಿತಿರುತ್ತಾರೆ. ಎಲ್ಲರಿಗೂ ಎಲ್ಲವನ್ನೂ ಕೊಡುವ ಕೂಡುರಸ್ತೆ ಇಲ್ಲ. ಆದ್ದರಿಂದ ಒಂದು ಸರದಿ ಬೇಕು. ಎಲ್ಲರಿಗಿಂತ ನಿಧಾನವಾಗಿ ದಾಟುವವರು ಮೊದಲು, ಬಸ್ಸು ಎರಡನೆಯದು, ಅಂಗಡಿಯ ಸರಕು ಮೂರನೆಯದು, ನಮ್ಮ ಬಡಾವಣೆಯಲ್ಲಿ ನಿಲ್ಲದೆ ಹಾದುಹೋಗುವ ಕಾರು ಕೊನೆಯದು. ಇದು ನಮ್ಮ ಅಭಿಪ್ರಾಯ. ನಮ್ಮಲ್ಲಿ ಬಹುಮಂದಿ ಕಾರಿಟ್ಟವರೇ ಆದರೂ ಇದನ್ನು ಹೇಳಲು ಹಿಂಜರಿಯುವುದಿಲ್ಲ. ಕಾರಿನಿಂದ ಇಳಿದ ಕ್ಷಣ ನಾವೂ ಪಾದಚಾರಿಗಳೇ ಅಲ್ಲವೆ?

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಸಲ ಕೌನ್ಸಿಲಿನ ಕಾಗದ ಬಂದಾಗ, ಉತ್ತರಿಸುವ ಮುನ್ನ ಮನೆಯ ಹಿರಿಯರೊಡನೆ ಆ ರಸ್ತೆಯನ್ನು ಒಮ್ಮೆ ದಾಟಿ ನೋಡಿ. ಕೈಗಡಿಯಾರದಲ್ಲಿ ಎಷ್ಟು ಸೆಕೆಂಡಾಯಿತೆಂದು ಬರೆದುಕೊಳ್ಳಿ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದು ಬರೆಯುವುದಕ್ಕಿಂತ, ಯಾವ ಮೂಲೆಯಲ್ಲಿ ಎಷ್ಟು ಹೊತ್ತು ಕಾದಿರಿ, ಎಲ್ಲಿ ದೀಪ ಮೊದಲೇ ಆರಿತು ಎಂದು ಬರೆದರೆ ಅದಕ್ಕೆ ತೂಕ ಹೆಚ್ಚು. ಅಭಿಪ್ರಾಯ ತಿಳಿಸಲು ಬ್ರಿಟಿಷ್ ಪಾಸ್‌ಪೋರ್ಟು ಬೇಕಿಲ್ಲ. ಅಷ್ಟೇಕೆ, ಇಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳಿಗೆ ಕಾಮನ್‌ವೆಲ್ತಿನವರೆಂಬ ಕಾರಣಕ್ಕೆ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕೂ ಉಂಟು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿರಬೇಕು. ಅಳುವ ಮಗುವಿಗೆ ಹಾಲು ಎಂಬ ಗಾದೆ ನಮಗೆ ಗೊತ್ತಿದೆ. ಕೌನ್ಸಿಲಿನವರು ತಾವಾಗಿಯೇ ಕೇಳುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಜಾಣತನವಲ್ಲ.