ಅಂಟಿನಡಿಯ ಚರ್ಮ

ಕರುಳಿನ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಮಲ ಹೊರಬೀಳುವ ದ್ವಾರವನ್ನು ಹೊಟ್ಟೆಯ ಮೇಲೆಯೇ ಮಾಡಬೇಕಾಗುತ್ತದೆ. ಕೆಲಕಾಲವೋ, ಜೀವಮಾನವೆಲ್ಲವೋ, ಅಲ್ಲಿ ಚೀಲವನ್ನು ಅಂಟಿಸಿಕೊಂಡೇ ಅವರು ಬಾಳಬೇಕು. ಅಂಟಿನಡಿಯ ಚರ್ಮ ಕೆಂಪೇರಿ ಉರಿಯತೊಡಗಿದರೆ ಆ ಬಾಳು ದುಸ್ತರವೇ ಸರಿ.

1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸೆ ಸೊರೆನ್ಸೆನ್, ಇಂಥ ಚಿಕಿತ್ಸೆಯಾಗಿ ಮನೆಯಿಂದ ಹೊರಬೀಳಲು ಅಂಜುತ್ತಿದ್ದ ಸೋದರಿಗಾಗಿ ಅಂಟುಚೀಲವನ್ನು ಕಲ್ಪಿಸಿದರು. ಅದಕ್ಕೂ ಮುನ್ನ, 1952ರಲ್ಲಿ, ಅಮೆರಿಕದ ಕ್ಲೀವ್‌ಲೆಂಡಿನ ಡಾ. ರೂಪರ್ಟ್ ಟರ್ನ್‌ಬುಲ್ಲರು ಕರಾಯ ಗೋಂದು ಚರ್ಮವನ್ನು ಕಾಯುವುದೆಂದು ಕಂಡುಕೊಂಡಿದ್ದರು. ಆ ಗೋಂದು ನಮ್ಮ ದೇಶದ ಕಾಡುಮರದ್ದು!

ಉರಿ ಕಂಡೊಡನೆ ಅಂಟನ್ನು ದೂರುವುದು ವಾಡಿಕೆ. ಆದರೆ ಬಹುಮಟ್ಟಿಗೆ ಅಪರಾಧಿ ಅದರಡಿ ಸೋರಿದ ಮಲವೇ. ಸಣ್ಣ ಕರುಳಿನಿಂದ ಬರುವ ಜೀರ್ಣರಸ ಚರ್ಮವನ್ನೂ ಅರಗಿಸಬಲ್ಲದು. ಚಿಕಿತ್ಸೆಯ ಬಳಿಕ 6ರಿಂದ 8 ವಾರ ದ್ವಾರವು ಕುಗ್ಗುತ್ತ ಹೋಗುತ್ತದೆ. ಆದುದರಿಂದ ಆಗಾಗ ಅಳೆದು, ಅಂಟುಬಿಲ್ಲೆಯ ರಂಧ್ರವನ್ನು ಅದಕ್ಕಿಂತ 2–3 ಮಿಲಿಮೀಟರ್ ಮಾತ್ರ ಅಗಲವಾಗಿ ಕತ್ತರಿಸಬೇಕು. ಕೆಂಪು ಅಂಟಿನ ಆಕಾರದಲ್ಲಿಯೇ ಮೂಡಿ ತುರಿಸಿದರೆ ಅಂಟು ಮೈಗೆ ಒಗ್ಗದೆಂದು ಶಂಕಿಸಿ, ವೈದ್ಯರಿಂದ ಪರೀಕ್ಷೆ ಮಾಡಿಸುವುದು ಲೇಸು. ಚೀಲವನ್ನು ಸರ್ರನೆ ಕೀಳದೆ, ಚರ್ಮವನ್ನು ಒತ್ತಿ ಹಿಡಿದು ಮೆಲ್ಲನೆ ಬಿಡಿಸಿರಿ.

ನಾಚಿಕೆಯಿಂದ ಮುಚ್ಚಿಟ್ಟ ಹುಣ್ಣು ಮಾಯುವುದಿಲ್ಲ. ಮನೆಯವರೂ ಅದನ್ನರಿತು ನಡೆಯಬೇಕು.