ಗೆದ್ದ ದುಡ್ಡು ಕೈಗೆ ಬರುವುದು ಯಾವಾಗ?

ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಫಾರ್ಮುಲಾ ಒನ್ ತಂಡ 2016, 2017 ಎರಡೂ ವರ್ಷ ನಾಲ್ಕನೇ ಸ್ಥಾನ ಗಳಿಸಿತ್ತು. ಹಾಗಿದ್ದೂ 2018ರಲ್ಲಿ ದಿವಾಳಿ ಅಂಚಿಗೆ ಬಂದದ್ದು ಹೇಗೆ? — ಓದುಗರು, ಇಂಡಿ

ನಿಮ್ಮ ಕಡೆ ಕಬ್ಬು ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಕಬ್ಬು ಕಾರ್ಖಾನೆಗೆ ಹೋದರೂ ಬಿಲ್ಲು ಬರುವುದು ತಡ. ಗೊಬ್ಬರದ ಅಂಗಡಿಯವರು, ಕಡಿಯುವ ಗ್ಯಾಂಗಿನವರು ಅಲ್ಲಿಯವರೆಗೆ ಕಾಯುತ್ತಾರೆಯೇ?

ಫಾರ್ಮುಲಾ ಒನ್ನಿನ ಲೆಕ್ಕವೂ ಹೀಗೆಯೇ. ಟಿವಿ ಹಕ್ಕು, ರೇಸ್ ಆಯೋಜಕರು ಕಟ್ಟುವ ಶುಲ್ಕ, ಟ್ರ್ಯಾಕ್ ಬದಿಯ ಜಾಹೀರಾತು, ಇವೆಲ್ಲ ಮೊದಲು ಸೇರುವುದು ಫಾರ್ಮುಲಾ ಒನ್ ಕಂಪನಿಯ ಗಲ್ಲಾಪೆಟ್ಟಿಗೆಗೆ. ಅದರಲ್ಲೊಂದು ಪಾಲು ತಂಡಗಳಿಗೆ. ಆದರೆ ಈ ವರ್ಷದ ಸ್ಥಾನದ ದುಡ್ಡು ಮುಂದಿನ ವರ್ಷ, ಅದೂ ಕಂತಿನಲ್ಲಿ. ಫೆರಾರಿಯಂಥ ಹಳಬರಿಗೆ ವಿಶೇಷ ಮೊತ್ತ ಬೇರೆ! ಅತ್ತ ಫೋರ್ಸ್ ಇಂಡಿಯಾದ ಮರ್ಸಿಡಿಸ್ ಎಂಜಿನ್ನಿನ ಬಾಕಿ, ನಾನೂರು ನೌಕರರ ಸಂಬಳ ತಿಂಗಳು ತಿಂಗಳು ಬಾಗಿಲು ಬಡಿಯುತ್ತಿದ್ದವು. ಆ ಕಂದಕ ತುಂಬಬೇಕಾದದ್ದು ಪ್ರಾಯೋಜಕರು, ಇಲ್ಲವೇ ಮಾಲೀಕರ ಜೇಬು.

2007ರಲ್ಲಿ ಪಾಲುದಾರರೊಬ್ಬರ ಜತೆ ಮಲ್ಯ ಈ ತಂಡ ಕೊಂಡಾಗ ಜೇಬು ದಪ್ಪಗಿತ್ತು. 2012ರಲ್ಲಿ ಅವರ ಕಿಂಗ್‌ಫಿಶರ್ ವಿಮಾನಗಳು ನೆಲಕಚ್ಚಿದವು. ನಂತರ ಸೇರಿದ್ದ ಸಹಮಾಲೀಕ ಸಹಾರಾ ಸಮೂಹವೂ ಕೋರ್ಟು ಅಲೆಯತೊಡಗಿತು. ಕೊನೆಗೆ, 2018ರ ಜುಲೈನಲ್ಲಿ, ಬಾಕಿ ಬರಬೇಕಿದ್ದ ಚಾಲಕ ಸೆರ್ಜಿಯೊ ಪೆರೆಜ್ ಅವರೇ ಲಂಡನ್ ಹೈಕೋರ್ಟಿನ ಮೆಟ್ಟಿಲೇರಿದರು. ತಂಡ ಮುಚ್ಚಿಹೋಗದೆ ಕೋರ್ಟು ನೇಮಿಸುವ ಆಡಳಿತಾಧಿಕಾರಿಗಳ ಕೈಸೇರಲಿ ಎಂಬುದೇ ಅವರ ಲೆಕ್ಕಾಚಾರ. ಅದು ಫಲಿಸಿತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ಬಳಗ ತಂಡವನ್ನು ಕೊಂಡಿತು. ಹೊಸ ತಂಡವೆಂದು ಎಣಿಕೆಯಾದ್ದರಿಂದ ಆ ವರ್ಷ ಗಳಿಸಿದ್ದ 59 ಅಂಕ ಹೋದವು. ಹಿಂದಿನ ಸ್ಥಾನಗಳ ದುಡ್ಡು ಮಾತ್ರ ಉಳಿಯಿತು, ಉಳಿದ ತಂಡಗಳು ಒಪ್ಪಿದ್ದರಿಂದ. ಈಗ ಅದೇ ತಂಡದ ಹೆಸರು ಆಸ್ಟನ್ ಮಾರ್ಟಿನ್.