ಕೂಗು ಕೇಳಿಸದ ಜಾತ್ರೆ

ಹೆದರಿಸಲೆಂದು ತೆಗೆದ ಚಿತ್ರ ಹೆದರಿಸದೆ ಹೋದರೆ, ನೋಡಿದವರ ಪಾಡು ಉಪ್ಪಿಲ್ಲದ ಸಾರು ಉಂಡವರ ಪಾಡೇ ಸರಿ. 2018ರಲ್ಲಿ ತೆರೆಕಂಡ ‘ಹೆಲ್ ಫೆಸ್ಟ್’ ಎಂಬ ಅಮೆರಿಕದ ಚಿತ್ರ ಈ ಜಾತಿಗೆ ಸೇರಿದ್ದು. ಇಂಥವನ್ನು ಮಕ್ಕಳು ಫೋನಿನಲ್ಲಿಯೇ ನೋಡಿಬಿಡುವ ಕಾಲವಿದು. ಅದರಲ್ಲೇನಿದೆಯೆಂದು ಹಿರಿಯರಾದ ನಾವೂ ತಿಳಿದಿರುವುದು ಲೇಸು.

ಕಥೆ ಚಿಕ್ಕದು. ನಾಟಲಿ ಎಂಬ ತರುಣಿ ಗೆಳೆಯ ಗೆಳತಿಯರೊಡನೆ ರಾತ್ರಿ ಒಂದು ಜಾತ್ರೆಗೆ ಹೋಗುತ್ತಾಳೆ. ದೆವ್ವದ ವೇಷ ಹಾಕಿ ಬಂದವರನ್ನು ಬೆಚ್ಚಿಬೀಳಿಸುವುದೇ ಅಲ್ಲಿನವರ ಉದ್ಯೋಗ. ಅವರ ನಡುವೆ ಮುಖವಾಡ ತೊಟ್ಟ ನಿಜವಾದ ಕೊಲೆಗಾರನೊಬ್ಬ ಸೇರಿಕೊಂಡಿದ್ದಾನೆ. ಕಣ್ಣೆದುರಿಗೇ ಒಂದು ಹುಡುಗಿಯ ಕೊಲೆಯಾದರೂ ನಾಟಲಿ ಅದನ್ನು ಆಟವೆಂದೇ ಬಗೆಯುತ್ತಾಳೆ. ಮುಂದೆ ಅವನು ತಮ್ಮ ಬೆನ್ನುಹತ್ತಿದ್ದಾನೆಂದು ದೂರಿದಾಗ ಕಾವಲಿನವನೂ ಅದನ್ನು ಆಟವೆಂದೇ ತಳ್ಳಿಹಾಕುತ್ತಾನೆ.

ಬೀಜವೇನೋ ಒಳ್ಳೆಯದೇ, ನಿರ್ದೇಶಕ ಗ್ರೆಗರಿ ಪ್ಲಾಟ್ಕಿನ್ ಅವರ ಕೈಯಲ್ಲಿ ಬೆಳೆ ಮಾತ್ರ ಬರಲಿಲ್ಲ. ಈ ಮಕ್ಕಳು ಯಾರು, ಮನೆಯಲ್ಲಿ ಇವರಿಗಾಗಿ ಕಾಯುವವರು ಯಾರು ಎಂಬುದು ತಿಳಿಯದಿದ್ದರೆ ಮರುಕ ಹುಟ್ಟುವುದೆಂತು? ಒಬ್ಬೊಬ್ಬರಾಗಿ ಸಾಯುವುದನ್ನು ಎಣಿಸುತ್ತ ಕೂಡುವುದಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. ಟೋಬಿ ಹೂಪರ್ 1981ರಲ್ಲಿ ತೆಗೆದ ‘ದಿ ಫನ್‌ಹೌಸ್’ನಲ್ಲಿಯೂ ನಾಲ್ವರು ಹರೆಯದವರು ಜಾತ್ರೆಯಲ್ಲಿ ರಾತ್ರಿ ಕಳೆಯುತ್ತಾರೆ, ಅಲ್ಲಿ ಕೊಲೆಗಾರನಿಗೂ ಒಬ್ಬ ತಂದೆಯುಂಟು, ಒಂದು ದುಃಖವುಂಟು. ಆದುದರಿಂದಲೇ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಆದರೂ ‘ಹೆಲ್ ಫೆಸ್ಟ್’ ತಾನು ಅರಿಯದೆಯೇ ಒಂದು ಮಾತು ಹೇಳಿದೆ. ಆಟದ ಜಾಗದಲ್ಲಿ ಕೂಗಿದರೆ ಯಾರೂ ನಂಬುವುದಿಲ್ಲ. ತಾರ್ನಾಕದವರಾದ ನಮಗೆ ಇದು ದೂರದ ಮಾತಲ್ಲ. ನಮ್ಮ ನೆರೆಯ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಆರಂಭಿಸಿದ ನುಮಾಯಿಷ್ ಜನವರಿ ಬಂತೆಂದರೆ ನಾಂಪಲ್ಲಿಯಲ್ಲಿ ನೆರೆಯುತ್ತದೆ. ಮೆಟ್ರೊ ಹತ್ತಿ ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿದರಾಯಿತು, ಮಕ್ಕಳು ತಾವಾಗಿಯೇ ಹೋಗಿಬರುತ್ತಾರೆ. ಅಲ್ಲಿ ಜೈಂಟ್ ವೀಲ್ ಮೇಲಿನಿಂದ ಕೇಳುವ ಕಿರುಚಾಟವೆಲ್ಲ ಸಂತೋಷದ್ದೇ. ಆ ಗದ್ದಲದಲ್ಲಿ ಹುಡುಗಿಯೊಬ್ಬಳು ನಿಜವಾಗಿ ಬೆದರಿ ಕೂಗಿದರೆ?

ಈ ಭಯ ಕಲ್ಪನೆಯದಲ್ಲ. 2014ರಲ್ಲಿ ಆರಂಭವಾದ ಪೊಲೀಸರ ಷೀ ಟೀಮ್‌ನವರು ನುಮಾಯಿಷ್‌ನ ಜನಸಂದಣಿಯಲ್ಲಿ ಸಾದಾ ಉಡುಪಿನಲ್ಲಿ ತಿರುಗಿ, ಹೆಣ್ಣುಮಕ್ಕಳನ್ನು ಪೀಡಿಸುವವರನ್ನು ಹಿಡಿದದ್ದುಂಟು. ಅಂಥವರಿಗೆ ಮುಖವಾಡವೂ ಬೇಕಿಲ್ಲ, ಗುಂಪೇ ಸಾಕು.

ಚಿತ್ರ ನೋಡಬೇಡವೆಂದು ಮಕ್ಕಳನ್ನು ಗದರಿಸುವುದರಿಂದ ಬಂದ ಭಾಗ್ಯವೇನೂ ಇಲ್ಲ. ನುಮಾಯಿಷ್‌ನಿಂದ ಬಂದ ಮಗಳು, “ಅಮ್ಮಾ, ಯಾರೋ ನಮ್ಮ ಹಿಂದೆಯೇ ಬರುತ್ತಿದ್ದರು” ಎಂದರೆ, “ನಿನ್ನದೆಲ್ಲ ಬರಿಯ ಭ್ರಮೆ” ಎನ್ನದೆ ಕೂಡಿಸಿಕೊಂಡು ಕೇಳೋಣ. ಚಿತ್ರದ ಕಾವಲಿನವನು ಮಾಡದ ಕೆಲಸವನ್ನು ನಾವಾದರೂ ಮಾಡಬೇಡವೆ?